ಪೀಠ, ಪಕ್ಷ ಮತ್ತು ವೃತ್ತಿಧರ್ಮ: ಕೆ.ಎಸ್. ಹೆಗ್ಡೆಯವರ ಜೀವನದ ಒಂದು ಅವಲೋಕನ

1. ಪೀಠಿಕೆ

ಕನ್ನಡದ ಜೀವನಚರಿತ್ರೆ ಮತ್ತು ಆತ್ಮಕಥನಗಳ ಪರಂಪರೆಯಲ್ಲಿ ವಕೀಲರಿಗೆ ಕೊರತೆಯಿಲ್ಲ. ಆದರೆ ಅವರಲ್ಲಿ ಬಹುಮಂದಿ ನಮ್ಮ ಸ್ಮರಣೆಯಲ್ಲಿ ಉಳಿದಿರುವುದು ವಕೀಲಿಕೆಯನ್ನು ಬಿಟ್ಟವರಾಗಿ. ಕಾನೂನು ಪದವಿ ಪಡೆದು ಧಾರವಾಡದಲ್ಲಿ ವಕೀಲಿ ಆರಂಭಿಸಿದ ಆಲೂರು ವೆಂಕಟರಾಯರು ಅದನ್ನು ತೊರೆದು ಕರ್ನಾಟಕದ ಏಕೀಕರಣಕ್ಕೆ ತೊಡಗಿದರು. ಮಂಗಳೂರಿನ ಕಾರ್ನಾಡ ಸದಾಶಿವರಾಯರು ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ವೃತ್ತಿಯನ್ನೂ ಸಂಪತ್ತನ್ನೂ ಕಳೆದುಕೊಂಡು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರ ಔದಾರ್ಯದ ಉರುಳಲ್ಲಿ ಕಾದಂಬರಿಯ ಹಿಂದೆ ಅವರ ಬದುಕಿನ ನೆರಳಿರುವುದನ್ನು ವಿಮರ್ಶಕರು ಗುರುತಿಸಿದ್ದಾರೆ. ಇಂತಹ ಕಥನಗಳಿಂದ ವಕೀಲಿಕೆಯು ತ್ಯಜಿಸಿದಾಗ ಮಾತ್ರ ಗೌರವ ತರುವ ವೃತ್ತಿ ಎಂಬ ಭಾವನೆಯೊಂದು ನಮ್ಮಲ್ಲಿ ಅರಿವಿಲ್ಲದೆ ನೆಲೆಯೂರಿದೆ. ವೃತ್ತಿಯೊಳಗೇ ಉಳಿದು, ಅದರ ನಿಯಮಗಳಿಂದಲೇ ತನ್ನನ್ನು ಅಳೆದುಕೊಂಡವನ ಬದುಕನ್ನು ಬರೆಯುವ ಕ್ರಮ ಇನ್ನೂ ಬಲಗೊಂಡಿಲ್ಲ.

ಈ ಹಿನ್ನೆಲೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರ (1909–1990) ಬದುಕು ಅಧ್ಯಯನಯೋಗ್ಯವಾದುದು. ಅವರು ವಕೀಲರಾಗಿ, ಸರ್ಕಾರಿ ಅಭಿಯೋಜಕರಾಗಿ, ರಾಜ್ಯಸಭಾ ಸದಸ್ಯರಾಗಿ, ಎರಡು ಉಚ್ಚ ನ್ಯಾಯಾಲಯಗಳ ಮತ್ತು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ, ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯರಾಗಿ, ಲೋಕಸಭೆಯ ಸಭಾಧ್ಯಕ್ಷರಾಗಿ ಕೆಲಸ ಮಾಡಿದವರು. ಅವರನ್ನು 1973ರ ರಾಜೀನಾಮೆಯ ಒಂದೇ ಘಟನೆಯಿಂದ ಗುರುತಿಸುವುದು ವಾಡಿಕೆ. ಆ ರಾಜೀನಾಮೆಯ ಅರ್ಥ ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಜೊತೆಗಿಟ್ಟು ನೋಡಿದಾಗ ಮಾತ್ರ ಸ್ಪಷ್ಟವಾಗುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು. ರಾಜಕೀಯದಿಂದ ಪೀಠಕ್ಕೆ ಬಂದು, ಪೀಠದಿಂದ ಮತ್ತೆ ರಾಜಕೀಯಕ್ಕೆ ಹೋದ ವ್ಯಕ್ತಿಯೊಬ್ಬರ ವೃತ್ತಿಧರ್ಮವನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

2. ಕರಾವಳಿಯ ನೆಲೆ

ಹೆಗ್ಡೆಯವರು ಜನಿಸಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಊರಿನ ಶಾಲೆ, ಕಾರ್ಕಳ, ಮಂಗಳೂರು, ಅನಂತರ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಮತ್ತು ಕಾನೂನು ಕಾಲೇಜು, ಇದು ಅವರ ವಿದ್ಯಾಭ್ಯಾಸದ ದಾರಿ. ಆ ಜಿಲ್ಲೆಯ ಓದಿದ ಯುವಕರ ಉಚ್ಚ ಶಿಕ್ಷಣವೂ ಮೇಲ್ಮನವಿಯೂ ಮದ್ರಾಸಿನತ್ತ ಮುಖ ಮಾಡಿದ್ದ ಕಾಲವದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ನ್ಯಾಯಾಲಯದಲ್ಲಿ ಇಂಗ್ಲಿಷ್ ಎಂಬ ತ್ರಿಭಾಷಿಕ ಬದುಕು ಕರಾವಳಿಯ ವಕೀಲನಿಗೆ ಸಹಜವಾಗಿತ್ತು. ಕಕ್ಷಿದಾರನ ನೋವನ್ನು ಒಂದು ಭಾಷೆಯಲ್ಲಿ ಕೇಳಿ, ದಾಖಲೆಯನ್ನು ಇನ್ನೊಂದರಲ್ಲಿ ಓದಿ, ವಾದವನ್ನು ಮತ್ತೊಂದರಲ್ಲಿ ಮಂಡಿಸುವ ಈ ಕೆಲಸದಲ್ಲಿ ವಕೀಲನು ಮೂಲತಃ ಒಬ್ಬ ಅನುವಾದಕನೇ ಆಗಿದ್ದನು.

ಆ ಜಿಲ್ಲೆಯ ನ್ಯಾಯಾಲಯಗಳ ವಾತಾವರಣವನ್ನು ಅರಿಯಲು ಅಳಿಯಸಂತಾನ ಪದ್ಧತಿಯನ್ನು ಗಮನಿಸಬೇಕು. ಆಸ್ತಿಯು ಹೆಣ್ಣಿನ ಸಂತತಿಯಲ್ಲಿ ಹರಿದು ಬರುವ ಈ ವ್ಯವಸ್ಥೆಯಲ್ಲಿ ಕುಟುಂಬದ ಯಜಮಾನಿಕೆ, ಜೀವನಾಂಶ, ಪಾಲು ಇವುಗಳ ಕುರಿತ ವ್ಯಾಜ್ಯಗಳು ತಲೆಮಾರುಗಳ ಕಾಲ ನಡೆಯುತ್ತಿದ್ದವು. ಜನರ ನಂಬಿಕೆಯಲ್ಲಿ ಈ ಪದ್ಧತಿಗೆ ಭೂತಾಳಪಾಂಡ್ಯನ ಕಟ್ಟು ಆಧಾರ. ನ್ಯಾಯಾಲಯಗಳು ಆ ಕಟ್ಟಿನ ಪ್ರಾಚೀನತೆಯನ್ನು ಸಂಶಯದಿಂದ ಕಂಡು, ಆಚರಣೆಯನ್ನು ಮಾತ್ರ ಪುರಾವೆಯಾಗಿ ಸ್ವೀಕರಿಸಿದವು. ಎಲ್ಲರ ಒಪ್ಪಿಗೆಯಿಲ್ಲದೆ ಕುಟುಂಬದ ಆಸ್ತಿಯನ್ನು ಪಾಲು ಮಾಡಲಾಗದು ಎಂಬ ಹಳೆಯ ನಿಲುವನ್ನು 1949ರ ಮದ್ರಾಸ್ ಅಳಿಯಸಂತಾನ ಶಾಸನ ಸಡಿಲಿಸಿ, ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. ಕಾನೂನು ಎಂಬುದು ಪುಸ್ತಕದಲ್ಲಿ ಸಿದ್ಧವಾಗಿ ಕುಳಿತ ವಸ್ತುವಲ್ಲ, ರೂಢಿ, ತೀರ್ಪು ಮತ್ತು ಶಾಸನಗಳ ನಡುವಿನ ಎಳೆದಾಟದಿಂದ ರೂಪುಗೊಳ್ಳುವಂಥದು ಎಂಬ ಪಾಠಕ್ಕೆ ಇದಕ್ಕಿಂತ ಉತ್ತಮ ಪಾಠಶಾಲೆ ಬೇಕಿರಲಿಲ್ಲ. ಹೆಗ್ಡೆಯವರು ಆ ಜಿಲ್ಲೆಯ ಸರ್ಕಾರಿ ವಕೀಲರೂ ಅಭಿಯೋಜಕರೂ ಆಗಿದ್ದುದು 1947ರಿಂದ 1951ರವರೆಗಿನ ಇದೇ ಪರಿವರ್ತನೆಯ ವರ್ಷಗಳಲ್ಲಿ.

3. ಸಂಸತ್ತಿನಿಂದ ಪೀಠಕ್ಕೆ

1952ರಲ್ಲಿ ಅವರು ಕಾಂಗ್ರೆಸ್ ಪಕ್ಷದಿಂದ ರಾಜ್ಯಸಭೆಗೆ ಆಯ್ಕೆಯಾದರು. 1954ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಹೋದ ಭಾರತದ ನಿಯೋಗದಲ್ಲಿದ್ದರು. ಹಿಂದೂ ಉತ್ತರಾಧಿಕಾರ ಶಾಸನ ಸಂಸತ್ತಿನಲ್ಲಿ ಅಂಗೀಕಾರವಾದ 1956ರಲ್ಲಿ ಅವರು ಸದನದ ಸದಸ್ಯರು. ಅಳಿಯಸಂತಾನಕ್ಕೆ ಒಳಪಟ್ಟವರ ಆಸ್ತಿಯ ಬಗೆಗೂ ಆ ಶಾಸನದಲ್ಲಿ ಪ್ರತ್ಯೇಕ ಕಲಮು ಸೇರಿತು.

ಕರ್ನಾಟಕದ ಏಕೀಕರಣದ ಮರುವರ್ಷ, 1957ರಲ್ಲಿ, ಹೆಗ್ಡೆಯವರು ರಾಜ್ಯಸಭೆಯನ್ನು ಬಿಟ್ಟು ಮೈಸೂರು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದರು. ಮದ್ರಾಸ್, ಮುಂಬಯಿ, ಹೈದರಾಬಾದ್, ಕೊಡಗು, ಹಳೆಯ ಮೈಸೂರು ಎಂಬ ಭಿನ್ನ ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಭಿನ್ನ ಶಾಸನಗಳೇ ಜಾರಿಯಲ್ಲಿದ್ದ ಸಂದರ್ಭವದು. ಏಕೀಕರಣವನ್ನು ನಾವು ಭಾಷೆಯ ಮತ್ತು ಭಾವದ ಘಟನೆಯಾಗಿ ಹೇಳಿಕೊಂಡಿದ್ದೇವೆ. ಗೇಣಿ, ಕಂದಾಯ, ಸೇವಾ ನಿಯಮಗಳ ವ್ಯಾಜ್ಯಗಳ ಮೂಲಕ ನ್ಯಾಯಾಲಯದಲ್ಲಿ ನಡೆದ ಏಕೀಕರಣದ ಚರಿತ್ರೆ ಇನ್ನೂ ಬರೆಯಬೇಕಾಗಿದೆ.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ಆಳುವ ಪಕ್ಷದ ಸಂಸದರೊಬ್ಬರು ನೇರವಾಗಿ ನ್ಯಾಯಪೀಠಕ್ಕೆ ಬಂದ ಪ್ರಸಂಗವಿದು. ಇಂದು ಹೀಗೆ ನಡೆದರೆ ಆಕ್ಷೇಪಗಳು ಏಳುವುದು ಖಚಿತ. ಮುಂದೆ ನ್ಯಾಯಾಂಗದ ಸ್ವಾತಂತ್ರ್ಯದ ಪ್ರತೀಕವಾಗಿ ಕಾಣಿಸಿಕೊಂಡವರ ನೇಮಕವೇ ಪಕ್ಷದ ಹಿನ್ನೆಲೆಯಿಂದ ಆದದ್ದು ಎಂಬುದು ಅವರ ಜೀವನದ ಮೊದಲ ತೊಡಕು. ಈ ತೊಡಕಿಗೆ ಉತ್ತರ ನೇಮಕದ ಪತ್ರದಲ್ಲಿ ಸಿಗುವುದಿಲ್ಲ, ತೀರ್ಪುಗಳಲ್ಲಿ ಹುಡುಕಬೇಕು.

1966ರ ಅಕ್ಟೋಬರ್ 31ರಂದು ದೆಹಲಿ ಉಚ್ಚ ನ್ಯಾಯಾಲಯ ಸ್ಥಾಪನೆಯಾದಾಗ ಹೆಗ್ಡೆಯವರು ಅದರ ಮೊದಲ ಮುಖ್ಯ ನ್ಯಾಯಮೂರ್ತಿಗಳಾದರು. 1967ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದರು.

4. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಲ್ಲ

ಅವರ ತೀರ್ಪುಗಳಲ್ಲಿ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವುದು 1969ರ ಎ.ಕೆ. ಕ್ರೈಪಾಕ್ ಪ್ರಕರಣದ ತೀರ್ಪು. ಜಮ್ಮು ಮತ್ತು ಕಾಶ್ಮೀರದ ಅರಣ್ಯಾಧಿಕಾರಿಗಳಲ್ಲಿ ಕೆಲವರನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಲು ಮಂಡಳಿಯೊಂದು ರಚಿತವಾಗಿತ್ತು. ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಆ ಮಂಡಳಿಯ ಸದಸ್ಯರಾಗಿದ್ದರು. ಅವರೇ ಆಯ್ಕೆಯ ಆಕಾಂಕ್ಷಿಗಳಲ್ಲೊಬ್ಬರೂ ಆಗಿದ್ದರು. ತಮ್ಮ ಹೆಸರು ಚರ್ಚೆಗೆ ಬಂದಾಗ ಅವರು ಹೊರಗುಳಿದರು, ಆದರೆ ಪ್ರತಿಸ್ಪರ್ಧಿಗಳ ಹೆಸರುಗಳು ಬಂದಾಗಲೂ ಯಾರು ಮೊದಲು, ಯಾರು ಅನಂತರ ಎಂದು ಪಟ್ಟಿ ಸಿದ್ಧಪಡಿಸುವಾಗಲೂ ಕುಳಿತಿದ್ದರು. ಆ ಪಟ್ಟಿಯ ತಲೆಯಲ್ಲಿ ಅವರದೇ ಹೆಸರಿತ್ತು.

ಐವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಹೆಗ್ಡೆಯವರು ಬರೆದ ತೀರ್ಪು ಆ ಆಯ್ಕೆಯನ್ನು ರದ್ದುಮಾಡಿತು. ಪಕ್ಷಪಾತ ನಡೆದಿದೆಯೆಂದು ನಿಶ್ಚಯವಾಗಿ ಸಾಬೀತಾಗಬೇಕಿಲ್ಲ, ನಡೆಯಲು ಸಕಾರಣವಾದ ಸಾಧ್ಯತೆಯಿದ್ದರೆ ಸಾಕು ಎಂಬುದು ಅದರ ಒಂದು ತಿರುಳು. ಸಹಜ ನ್ಯಾಯದ ತತ್ತ್ವಗಳು ನ್ಯಾಯಾಲಯಕ್ಕೆ ಮಾತ್ರ ಸೀಮಿತವಲ್ಲ, ಸರ್ಕಾರದ ಆಡಳಿತಾತ್ಮಕ ನಿರ್ಧಾರಗಳಿಗೂ ಅನ್ವಯಿಸುತ್ತವೆ ಎಂಬುದು ಇನ್ನೊಂದು. ಕಲ್ಯಾಣ ರಾಜ್ಯದಲ್ಲಿ ಆಡಳಿತದ ಕೈ ಎಲ್ಲೆಡೆ ಚಾಚಿಕೊಂಡಿರುವಾಗ ಆ ಕೈಯೂ ನ್ಯಾಯಬುದ್ಧಿಯಿಂದ ನಡೆಯಬೇಕು ಎಂಬ ತಿಳಿವಳಿಕೆ ಇದರ ಹಿಂದಿದೆ. ಕಡತದ ಹಿಂದೆ ಕುಳಿತ ಅಧಿಕಾರಿಯೂ ಒಂದು ಅರ್ಥದಲ್ಲಿ ನ್ಯಾಯಾಧೀಶನೇ ಎಂಬ ಈ ವಿಚಾರ ಭಾರತದ ಆಡಳಿತ ಕಾನೂನಿನ ದಿಕ್ಕನ್ನು ಬದಲಿಸಿತು. ಕ್ರೈಪಾಕ್ ತೀರ್ಪಿನ ಈ ಸೂತ್ರ ಹೆಗ್ಡೆಯವರ ಮುಂದಿನ ಬದುಕನ್ನು ಅಳೆಯಲು ನಮಗೂ ಒದಗುತ್ತದೆ.

5. 1973: ಮೂವರು, ಒಂದು ಜಿಲ್ಲೆ

ಸರ್ಕಾರ ಮತ್ತು ಸರ್ವೋಚ್ಚ ನ್ಯಾಯಾಲಯದ ನಡುವಿನ ಸಂಘರ್ಷ 1970ರಲ್ಲಿ ತೀವ್ರಗೊಂಡಿತು. ಬ್ಯಾಂಕ್ ರಾಷ್ಟ್ರೀಕರಣದ ಪ್ರಕರಣ ಮತ್ತು ಮಾಜಿ ಅರಸರ ರಾಜಧನ ರದ್ದತಿಯ ಪ್ರಕರಣ, ಎರಡರಲ್ಲೂ ಸರ್ಕಾರ ಸೋತಿತು. ಎರಡರಲ್ಲೂ ಜೆ.ಎಂ. ಶೇಲತ್, ಹೆಗ್ಡೆ ಮತ್ತು ಎ.ಎನ್. ಗ್ರೋವರ್ ಬಹುಮತದ ಕಡೆಗಿದ್ದರು; ಎ.ಎನ್. ರೇ ಭಿನ್ನಮತ ಬರೆದಿದ್ದರು. 1972ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯ ವಿರುದ್ಧ ರಾಜ್ ನಾರಾಯಣ್ ಹೂಡಿದ್ದ ಅರ್ಜಿಯ ಮುಂದುವರಿಕೆಗೆ ಅನುಕೂಲವಾದ ಆದೇಶವನ್ನು ನೀಡಿದ್ದೂ ಹೆಗ್ಡೆಯವರಿದ್ದ ಪೀಠ.

ಈ ಸಂಘರ್ಷದ ಶಿಖರ ಕೇಶವಾನಂದ ಭಾರತಿ ಪ್ರಕರಣ. ಅದರ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಯಕ್ಷಗಾನ ಮತ್ತು ಸಂಗೀತದ ಪೋಷಣೆಗಾಗಿ ಕನ್ನಡಿಗರೆಲ್ಲ ಬಲ್ಲ ಆ ಮಠ ಕೇರಳದ ಭೂಸುಧಾರಣಾ ಶಾಸನವನ್ನು ಪ್ರಶ್ನಿಸಿ 1970ರಲ್ಲಿ ನ್ಯಾಯಾಲಯಕ್ಕೆ ಹೋಗಿತ್ತು. ಭೂಮಿಯ ಪ್ರಶ್ನೆಯಾಗಿ ಆರಂಭವಾದ ವ್ಯಾಜ್ಯ ಸಂವಿಧಾನವನ್ನು ತಿದ್ದುವ ಸಂಸತ್ತಿನ ಅಧಿಕಾರಕ್ಕೆ ಮಿತಿಯಿದೆಯೇ ಎಂಬ ಪ್ರಶ್ನೆಯಾಗಿ ಬೆಳೆಯಿತು. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಆಲಿಸಿತು. 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ಬಂದ ತೀರ್ಪು, ತಿದ್ದುಪಡಿಯ ಅಧಿಕಾರ ವಿಶಾಲವಾದುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ನಾಶಮಾಡುವಂಥದಲ್ಲ ಎಂದಿತು. ಬಹುಮತದ ಕಡೆಗಿದ್ದ ಹೆಗ್ಡೆಯವರು ನ್ಯಾಯಮೂರ್ತಿ ಎ.ಕೆ. ಮುಖರ್ಜಿಯವರೊಂದಿಗೆ ಜಂಟಿ ತೀರ್ಪು ಬರೆದರು. ಸಾರ್ವಭೌಮತೆ, ಪ್ರಜಾಪ್ರಭುತ್ವ, ದೇಶದ ಏಕತೆ, ವ್ಯಕ್ತಿಸ್ವಾತಂತ್ರ್ಯದ ಸಾರ ಇವುಗಳೊಂದಿಗೆ, ಕಲ್ಯಾಣ ರಾಜ್ಯವನ್ನೂ ಸಮಾನತೆಯ ಸಮಾಜವನ್ನೂ ಕಟ್ಟುವ ಹೊಣೆಯನ್ನೂ ಆ ತೀರ್ಪು ಮೂಲ ಲಕ್ಷಣಗಳಲ್ಲಿ ಎಣಿಸಿತು. ಅವರನ್ನು ಆಸ್ತಿವಂತರ ಪಕ್ಷಪಾತಿಯೆಂದು ಚಿತ್ರಿಸುವವರು ಈ ಸಂಗತಿಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ತೀರ್ಪಿನ ಮರುದಿನ ಸರ್ಕಾರ ಹೊಸ ಮುಖ್ಯ ನ್ಯಾಯಮೂರ್ತಿಯ ಹೆಸರನ್ನು ಪ್ರಕಟಿಸಿತು. ಜ್ಯೇಷ್ಠತೆಯಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ಬದಿಗಿಟ್ಟು ನಾಲ್ಕನೆಯವರಾದ ರೇ ಅವರನ್ನು ಆರಿಸಲಾಗಿತ್ತು. ಮೂವರೂ ರಾಜೀನಾಮೆ ನೀಡಿದರು. ಜ್ಯೇಷ್ಠತೆಯ ಕ್ರಮ ನಡೆದಿದ್ದರೆ ಶೇಲತ್ ಅವರ ನಿವೃತ್ತಿಯ ಅನಂತರ, 1973ರ ಜುಲೈನಿಂದ 1974ರ ಜೂನ್‌ವರೆಗೆ, ಹೆಗ್ಡೆಯವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗುತ್ತಿದ್ದರು. ಕರ್ನಾಟಕದ ಇ.ಎಸ್. ವೆಂಕಟರಾಮಯ್ಯನವರು ಆ ಸ್ಥಾನಕ್ಕೆ ಬಂದದ್ದು 1989ರಲ್ಲಿ.

ಸರ್ಕಾರದ ನಿರ್ಧಾರವನ್ನು ಲೋಕಸಭೆಯಲ್ಲಿ ಬಲವಾಗಿ ಸಮರ್ಥಿಸಿದವರು ಉಕ್ಕು ಮತ್ತು ಗಣಿ ಸಚಿವರಾಗಿದ್ದ ಮೋಹನ್ ಕುಮಾರಮಂಗಲಂ. ಸ್ವತಃ ವಕೀಲರಾಗಿದ್ದ, ಮದ್ರಾಸಿನ ಅಡ್ವೊಕೇಟ್ ಜನರಲ್ ಆಗಿದ್ದ ಅವರು ಮಂಗಳೂರಿನ ಕುದ್ಮುಲ್ ರಂಗರಾಯರ ದೌಹಿತ್ರರು. ದಲಿತರ ಶಿಕ್ಷಣಕ್ಕಾಗಿ ಶಾಲೆಗಳನ್ನು ತೆರೆದು ಬಹಿಷ್ಕಾರ ಅನುಭವಿಸಿದ ರಂಗರಾಯರೂ ವಕೀಲರೇ. ಅವರ ಮಗಳು ರಾಧಾಬಾಯಿಯವರು ಪಿ. ಸುಬ್ಬರಾಯನ್ ಅವರನ್ನು ವರಿಸಿದ್ದರು. ಮೋಹನ್ ಅವರ ಮಗ. ಹೀಗೆ 1973ರ ನಾಟಕದ ಅರ್ಜಿದಾರ, ನ್ಯಾಯಮೂರ್ತಿ ಮತ್ತು ಮಂತ್ರಿ ಮೂವರ ಬೇರುಗಳೂ ಕಾಸರಗೋಡನ್ನೂ ಒಳಗೊಂಡಿದ್ದ ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿವೆ. ಇದು ಕೇವಲ ಕಾಕತಾಳೀಯವೆಂದು ಬದಿಗಿಡುವಂಥದಲ್ಲ. ಮಠದ ಭೂಮಿ, ವಕೀಲಿಕೆಯ ಶಿಸ್ತು ಮತ್ತು ಸಮಾಜ ಸುಧಾರಣೆಯ ಹಂಬಲ ಎಂಬ ಮೂರು ಎಳೆಗಳು ಆ ಜಿಲ್ಲೆಯ ಆಧುನಿಕತೆಯಲ್ಲಿ ಒಟ್ಟಿಗೇ ಇದ್ದವು. ದೆಹಲಿಯಲ್ಲಿ ಅವು ಪರಸ್ಪರ ಎದುರಾದವು.

ಕುಮಾರಮಂಗಲಂ ಅವರ ವಾದವನ್ನು ನ್ಯಾಯವಾಗಿ ಪರಿಶೀಲಿಸಬೇಕು. ನ್ಯಾಯಮೂರ್ತಿಗಳಿಗೂ ಸಾಮಾಜಿಕ ದರ್ಶನವಿರುತ್ತದೆ, ಅದು ತೀರ್ಪುಗಳಲ್ಲಿ ಕೆಲಸ ಮಾಡುತ್ತದೆ, ಆದುದರಿಂದ ಮುಖ್ಯ ನ್ಯಾಯಮೂರ್ತಿಯ ಆಯ್ಕೆಯಲ್ಲಿ ಸರ್ಕಾರ ಅದನ್ನು ಪರಿಗಣಿಸುವುದು ಸಹಜ ಎಂಬುದು ಅವರ ನಿಲುವು. ಜ್ಯೇಷ್ಠತೆಯೊಂದೇ ಮಾನದಂಡವಾಗಬಾರದು ಎಂಬ 1958ರ ಕಾನೂನು ಆಯೋಗದ ವರದಿಯ ಬೆಂಬಲವೂ ಅದಕ್ಕಿತ್ತು. ಗೇಣಿದಾರರ ಕಣ್ಣಿನಿಂದ ನೋಡಿದರೆ ಈ ವಾದದ ಮೊದಲರ್ಧವನ್ನು ತಳ್ಳಿಹಾಕಲಾಗದು. ಮರುವರ್ಷವೇ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಕರಾವಳಿಯ ಗೇಣಿದಾರರನ್ನು ಭೂಮಾಲೀಕರನ್ನಾಗಿ ಮಾಡಿತು. ಆದರೆ ಉತ್ತರಾರ್ಧದಲ್ಲಿ ಕ್ರೈಪಾಕ್ ತೀರ್ಪಿನ ಪ್ರಶ್ನೆ ಮರಳಿ ಬರುತ್ತದೆ. ದೇಶದ ಅತಿ ದೊಡ್ಡ ವ್ಯಾಜ್ಯಗಾರ ಸರ್ಕಾರ. ತನ್ನ ವ್ಯಾಜ್ಯಗಳನ್ನು ಕೇಳುವವರನ್ನು ಅವರ ಹಿಂದಿನ ತೀರ್ಪುಗಳ ಆಧಾರದಿಂದಲೇ ಅದು ಆರಿಸತೊಡಗಿದರೆ, ಆಯ್ಕೆಯ ಮಂಡಳಿಯಲ್ಲಿ ಕುಳಿತ ಆಕಾಂಕ್ಷಿಗೂ ಅದಕ್ಕೂ ವ್ಯತ್ಯಾಸವೇನು? 1977ರಲ್ಲಿ, ತುರ್ತುಪರಿಸ್ಥಿತಿಯ ಬಂಧಿತರ ಪರವಾಗಿ ಒಂಟಿಯಾಗಿ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರನ್ನೂ ಹೀಗೆಯೇ ಬದಿಗಿಟ್ಟಾಗ ಈ ಪ್ರಶ್ನೆಯ ತೀಕ್ಷ್ಣತೆ ಎಲ್ಲರಿಗೂ ಅರಿವಾಯಿತು.

6. ಬೆಂಗಳೂರು ದಕ್ಷಿಣ ಮತ್ತು ಸಭಾಧ್ಯಕ್ಷ ಪೀಠ

ಹೆಗ್ಡೆಯವರ ಮುಂದಿನ ಘಟ್ಟದ ನೆಲೆ ಕರಾವಳಿಯಲ್ಲ, ಬೆಂಗಳೂರು. 1977ರ ಚುನಾವಣೆಯಲ್ಲಿ ಅವರು ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ಗೆದ್ದರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ ಆ ವರ್ಷ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ದಕ್ಕಿದ್ದವು. ಉಳಿದ ಎರಡರಲ್ಲಿ ಒಂದು ಹೆಗ್ಡೆಯವರದು. ನಗರದ ದಕ್ಷಿಣ ಭಾಗದ ಈ ಕ್ಷೇತ್ರದಲ್ಲಿ ಓದುಬರಹ ಬಲ್ಲ ನೌಕರರು, ಅಧ್ಯಾಪಕರು, ವಕೀಲರು ದೊಡ್ಡ ಸಂಖ್ಯೆಯಲ್ಲಿದ್ದರು. ರಾಜ್ಯದ ಉಳಿದೆಡೆ ಭೂಸುಧಾರಣೆಯ ಫಲವುಂಡವರ ಮತ ಒಂದು ದಿಕ್ಕಿಗೆ ಹರಿದರೆ, ಇಲ್ಲಿ ಸಂವಿಧಾನದ ಪ್ರಶ್ನೆಯೂ ಚುನಾವಣೆಯ ಪ್ರಶ್ನೆಯಾಗಲು ಅವಕಾಶವಿತ್ತು. ಕುಮಾರಮಂಗಲಂ ಮತ್ತು ಹೆಗ್ಡೆಯವರ ನಡುವಿನ ವಾದಕ್ಕೆ ಕರ್ನಾಟಕ ಆ ವರ್ಷ ಎರಡು ಬಗೆಯ ಉತ್ತರ ಕೊಟ್ಟಿತೆನ್ನಬಹುದು. ಇಂದು ಅದೇ ಹೆಸರಿನ, ಎಲ್ಲೆಗಳು ಬದಲಾದ ಕ್ಷೇತ್ರದಲ್ಲಿ ಬಿಟಿಎಂ ಲೇಔಟ್ ಸೇರಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಮೂರಕ್ಷರಗಳಾಗಿ ಕರಗಿದ ಈ ಬಡಾವಣೆ ನಗರದ ಬದಲಾದ ವೃತ್ತಿಲೋಕದ ಒಂದು ಗುರುತು.

1977ರ ಜುಲೈ 21ರಂದು, ನೀಲಂ ಸಂಜೀವ ರೆಡ್ಡಿಯವರು ರಾಷ್ಟ್ರಪತಿಗಳಾದುದರಿಂದ ತೆರವಾದ ಸ್ಥಾನಕ್ಕೆ, ಹೆಗ್ಡೆಯವರು ಲೋಕಸಭೆಯ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಅವರ ಬದುಕಿನ ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಈ ಪೀಠದಲ್ಲಿ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಗೆದ್ದು ಲೋಕಸಭೆಗೆ ಬಂದರು. ಡಿಸೆಂಬರ್ 19ರಂದು ಸದನ ಅವರನ್ನು ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ, ಅಧಿವೇಶನ ಮುಗಿಯುವವರೆಗೆ ಸೆರೆವಾಸ ವಿಧಿಸಿತು. ತಮ್ಮನ್ನು ಬದಿಗಿಟ್ಟ ಸರ್ಕಾರದ ಮುಖ್ಯಸ್ಥರು ಶಿಕ್ಷೆಗೊಳಗಾದ ಸದನಕ್ಕೆ ಹೆಗ್ಡೆಯವರೇ ಅಧ್ಯಕ್ಷರಾಗಿದ್ದರು.

ನಿರ್ಣಯ ಸದನದ್ದು, ಸಭಾಧ್ಯಕ್ಷರದಲ್ಲ; ಸಮಮತವಾದಾಗ ಹೊರತು ಅವರಿಗೆ ಮತವೂ ಇಲ್ಲ. ನ್ಯಾಯಮೂರ್ತಿಯೊಬ್ಬರು ಪ್ರಕರಣದಿಂದ ಹಿಂದೆ ಸರಿಯುವಂತೆ ಸಭಾಧ್ಯಕ್ಷರು ಸರಿಯುವ ಸಂಪ್ರದಾಯವೂ ಬೆಳೆದಿರಲಿಲ್ಲ. ಇಷ್ಟಾದರೂ, ಪಕ್ಷಪಾತದ ಸಕಾರಣ ಸಾಧ್ಯತೆಯೇ ಸಾಕು ಎಂದು ಬರೆದವರು ಅವರೇ ಎಂಬುದನ್ನು ಓದುಗರು ನೆನೆಯದಿರಲಾರರು. ಮುಂದಿನ ಲೋಕಸಭೆ 1981ರಲ್ಲಿ ಆ ಉಚ್ಚಾಟನೆಯ ನಿರ್ಣಯವನ್ನು ಹಿಂತೆಗೆದುಕೊಂಡಿತು. ಪಕ್ಷದ ಬಹುಮತ ನ್ಯಾಯಾಧೀಶನ ಕೆಲಸಕ್ಕೆ ಇಳಿದಾಗ ತೀರ್ಪು ಬಹುಮತದೊಂದಿಗೇ ಬದಲಾಗುತ್ತದೆ ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. 1973ರಲ್ಲಿ ಹೆಗ್ಡೆಯವರು ರಾಜೀನಾಮೆಯ ಮೂಲಕ ಪ್ರತಿಪಾದಿಸಿದ್ದ ತತ್ತ್ವವೇ 1978ರಲ್ಲಿ ಅವರ ಎದುರಿಗೆ ಬಂದು ನಿಂತಿತೆನ್ನಬಹುದು.

ಅವರ ಸಭಾಧ್ಯಕ್ಷತೆ 1980ರ ಜನವರಿಯಲ್ಲಿ ಕೊನೆಗೊಂಡಿತು. ಅನಂತರ ಕೆಲವು ವರ್ಷ ಭಾರತೀಯ ಜನತಾ ಪಕ್ಷದ ಉಪಾಧ್ಯಕ್ಷರಾಗಿದ್ದರು. 1979ರಲ್ಲಿ ಸ್ಥಾಪಿಸಿದ್ದ ನಿಟ್ಟೆ ವಿದ್ಯಾಸಂಸ್ಥೆ ಅವರ ಊರಿನ ನೆಲದಲ್ಲಿ ಬೆಳೆಯಿತು. 1990ರ ಮೇ 24ರಂದು ಅವರು ನಿಧನರಾದರು. ಅವರ ಮಗ ಎನ್. ಸಂತೋಷ್ ಹೆಗ್ಡೆಯವರೂ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ, ಅನಂತರ ಕರ್ನಾಟಕದ ಲೋಕಾಯುಕ್ತರಾಗಿ ಕೆಲಸ ಮಾಡಿದರು.

7. ಉಪಸಂಹಾರ

ಹೆಗ್ಡೆಯವರ ಕಾಲದಿಂದ ವಕೀಲಿ ವೃತ್ತಿ ಬಹಳ ದೂರ ಬಂದಿದೆ. ನ್ಯಾಯಮೂರ್ತಿಗಳ ನೇಮಕದಲ್ಲಿ ಸರ್ಕಾರದ ಮಾತೇ ಕೊನೆಯದಾಗಿದ್ದ ಕ್ರಮ 1993ರ ತೀರ್ಪಿನೊಂದಿಗೆ ಬದಲಾಗಿ ನ್ಯಾಯಮೂರ್ತಿಗಳ ಮಂಡಳಿಯ ಕೈಗೆ ಬಂತು. ಅದನ್ನು ಬದಲಿಸಲು ಸಂಸತ್ತು ರೂಪಿಸಿದ ನೇಮಕಾತಿ ಆಯೋಗವನ್ನು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಮಾಡಿತು. ಈಗ ತಮ್ಮವರನ್ನು ತಾವೇ ಆರಿಸುವ ನ್ಯಾಯಮೂರ್ತಿಗಳ ಕುರಿತೂ ಕ್ರೈಪಾಕ್ ತೀರ್ಪಿನ ಪ್ರಶ್ನೆಯನ್ನೇ ಕೇಳಲಾಗುತ್ತಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ 1988ರಲ್ಲಿ ಮೊದಲ ತಂಡ ಸೇರಿದ ಮೇಲೆ ಐದು ವರ್ಷಗಳ ಕಾನೂನು ಪದವಿ ಪ್ರತಿಷ್ಠೆ ಪಡೆಯಿತು; ಜಿಲ್ಲಾ ನ್ಯಾಯಾಲಯದಲ್ಲಿ ಹಿರಿಯರೊಬ್ಬರ ಕಚೇರಿಯಿಂದ ಆರಂಭಿಸುತ್ತಿದ್ದ ದಾರಿಯ ಬದಲು ಕಂಪನಿಗಳ ಸಲಹೆಗಾರಿಕೆಯ ದಾರಿ ಅನೇಕರನ್ನು ಸೆಳೆಯಿತು. ನಿವೃತ್ತಿಯ ಬೆನ್ನಿಗೇ ನ್ಯಾಯಮೂರ್ತಿಗಳು ರಾಜಕೀಯ ಸ್ಥಾನಗಳನ್ನು ಒಪ್ಪಿಕೊಳ್ಳುವುದು ಮತ್ತೆ ಮತ್ತೆ ಚರ್ಚೆಗೆ ಬಂದಿದೆ.

ಈ ಚರ್ಚೆಗಳಲ್ಲಿ ಹೆಗ್ಡೆಯವರನ್ನು ಆದರ್ಶಮೂರ್ತಿಯಾಗಿ ನಿಲ್ಲಿಸುವುದರಿಂದಾಗಲಿ, ರಾಜಕಾರಣಿಯಾಗಿ ತಳ್ಳಿಹಾಕುವುದರಿಂದಾಗಲಿ ಪ್ರಯೋಜನವಿಲ್ಲ. ತಮ್ಮನ್ನು ಸಂಸತ್ತಿಗೆ ಕಳುಹಿಸಿದ ಪಕ್ಷದ ಸರ್ಕಾರದ ವಿರುದ್ಧವೇ ಅವರು ತೀರ್ಪು ಬರೆದರು. ಪಕ್ಷದಿಂದ ಬಂದವರು ಪೀಠದ ನಿಯಮಕ್ಕೆ ಒಳಪಡಬಲ್ಲರು ಎಂಬುದಕ್ಕೆ ಇದು ಸಾಕ್ಷಿ. ಪೀಠದಿಂದ ಪಕ್ಷಕ್ಕೆ ಮರಳಿದಾಗ ಅವರ ಹಿಂದಿನ ತೀರ್ಪುಗಳ ಮೇಲೂ ಸಂಶಯದ ಛಾಯೆ ಬೀಳುವುದನ್ನು ತಡೆಯಲಾಗಲಿಲ್ಲ ಎಂಬುದೂ ಅಷ್ಟೇ ನಿಜ. ವೃತ್ತಿಧರ್ಮವು ಒಮ್ಮೆ ಗಳಿಸಿ ಇಟ್ಟುಕೊಳ್ಳುವ ಆಸ್ತಿಯಲ್ಲ, ಕುಳಿತ ಪ್ರತಿಯೊಂದು ಪೀಠದಲ್ಲೂ ಹೊಸದಾಗಿ ಸಾಬೀತುಪಡಿಸಬೇಕಾದ ಸಂಗತಿ ಎಂಬುದನ್ನು ಅವರ ಬದುಕು ತನ್ನ ಗೆಲುವುಗಳಿಂದಲೂ ತೊಡಕುಗಳಿಂದಲೂ ತಿಳಿಸುತ್ತದೆ. ಕೋಟು ಕಳಚಿದ ವಕೀಲರ ಕಥೆಗಳಿಂದ ಸಮೃದ್ಧವಾಗಿರುವ ಕನ್ನಡದ ಜೀವನಚರಿತ್ರೆಗೆ ಕೋಟು ತೊಟ್ಟೇ ಪರೀಕ್ಷೆಗೊಳಗಾದ ಇಂತಹ ಬದುಕುಗಳೂ ವಸ್ತುವಾಗಬೇಕಾಗಿದೆ.